ಕೆಂಡ ಪಟ್ಟಣಕ್ಕೆ, ಹೊಗೆ ಹೊನ್ನವಳ್ಳಿಗೆ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಹೋಬಳಿಯ ತೆಂಗಿಗೂ, ಯಾರದೋ ಮನೆಯ ಹಿತ್ತಲಿನಲ್ಲಿ ಹನ್ನೆರಡು ತಾಸು ಹೊಗೆಯಲ್ಲಿ ಬೇಯುವ ದನದ ಎದೆಮಾಂಸಕ್ಕೂ ಏನು ಸಂಬಂಧವೆಂದು ಕೇಳಿದರೆ ಓದುಗರು ನಕ್ಕಾರು. ಸಂಬಂಧವಿರುವುದು ಚಿಪ್ಪಿನಲ್ಲಿ.

ಟೆಕ್ಸಾಸಿನಲ್ಲಿ ಹುಟ್ಟಿ ಈಗ ನಮ್ಮ ನಗರಗಳಿಗೂ ಬಂದಿರುವ ಈ ಅಡುಗೆಗೆ ಬೇಕಾದದ್ದು ಉರಿಯಲ್ಲ, ತಾಳ್ಮೆ. ಎದೆಯ ಭಾಗ ನಾರು ತುಂಬಿದ ಬಿರುಸು ಮಾಂಸ. 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ದೀರ್ಘಕಾಲ ಇಟ್ಟರೆ ಮಾತ್ರ ಒಳಗಿನ ಅಂಟುನಾರು ಕರಗಿ ಮೆತ್ತಗಾಗುತ್ತದೆ. ಅಂಥ ಸಮನಾದ ಕಾವನ್ನು ಹೊತ್ತುಗಟ್ಟಲೆ ಕೊಡಬಲ್ಲ ಇಂಧನಗಳಲ್ಲಿ ತೆಂಗಿನ ಚಿಪ್ಪಿನ ಇದ್ದಿಲೂ ಒಂದು. (2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯ ಪ್ರಕಾರ ಕರ್ನಾಟಕದಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳ ಹೊರತು ಬೇರೆ ದನದ ವಧೆಗೆ ಅವಕಾಶವಿಲ್ಲ. ಆ ವಾದ ಬೇರೆಯೇ. ಇಲ್ಲಿ ಪ್ರಸ್ತುತವಾದುದು ಇದ್ದಿಲು ಮಾತ್ರ.)

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಉಂಡೆ ಕೊಬ್ಬರಿ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯಿಂದ ಬರುವಂಥದ್ದು. ಆದ್ದರಿಂದ ಇಲ್ಲಿನ ಚಿಪ್ಪು ಬಲು ಒಣಗಿದ್ದು. ಮನೆ ಮನೆಗೆ ಚದುರಿ ಹೋಗದೆ ಕೊಬ್ಬರಿ ಬಿಡಿಸುವ ಕಣದಲ್ಲೇ ರಾಶಿ ಬೀಳುತ್ತದೆ. ಇದ್ದಿಲು ಮಾಡುವವನಿಗೆ ಇದಕ್ಕಿಂತ ಅನುಕೂಲ ಬೇರೆಲ್ಲಿ ಸಿಕ್ಕೀತು? ಹೆಚ್ಚಿನ ಇದ್ದಿಲು ನೀರು ಶುದ್ಧೀಕರಣ ಯಂತ್ರಗಳಿಗೆ ಬೇಕಾದ ಸಕ್ರಿಯ ಇಂಗಾಲವಾಗುತ್ತದೆ. ಉಳಿದದ್ದು ಮಾಂಸ ಸುಡುವ ಒಲೆಗಳಿಗೆ, ಹುಕ್ಕಾ ಕೊಠಡಿಗಳಿಗೆ.

ಈ ಇದ್ದಿಲಿನ ದೊಡ್ಡ ಗುಣವೆಂದು ಮಾರುವವರು ಹೇಳುವುದು, ಅದು ಹೊಗೆಯಾಡುವುದಿಲ್ಲವೆಂದು. ಮಾತು ಬಹುಮಟ್ಟಿಗೆ ನಿಜ. ಮಾಂಸಕ್ಕೆ ಬೇಕಾದ ಸುವಾಸನೆಯ ಹೊಗೆಗಾಗಿ ಅಡುಗೆಯವರು ಮರದ ಚೂರುಗಳನ್ನು ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಹಾಗಾದರೆ ಚಿಪ್ಪಿನ ಹೊಗೆ ಎಲ್ಲಿ ಹೋಯಿತು? ಗುಂಡಿ ಅಥವಾ ಡ್ರಮ್ಮಿನಲ್ಲಿ ಗಾಳಿ ಬಿಗಿಹಿಡಿದು ನೂರು ಕೆ.ಜಿ. ಚಿಪ್ಪು ಸುಟ್ಟರೆ ಕೈಗೆ ಬರುವ ಇದ್ದಿಲು 25ರಿಂದ 30 ಕೆ.ಜಿ. ಮಿಕ್ಕದ್ದು ನೀರಾವಿ, ಟಾರು, ಇಂಗಾಲದ ಮಾನಾಕ್ಸೈಡ್ ಮತ್ತು ಕಣ್ಣುರಿಸುವ ಆಮ್ಲೀಯ ಹೊಗೆಯಾಗಿ ಸುಟ್ಟ ಊರಿನಲ್ಲೇ ಉಳಿಯುತ್ತದೆ. ಪಟ್ಟಣದ ಗ್ರಾಹಕನಿಗೆ ತಲುಪುವುದು ಹೊಗೆ ಕಳೆದ ಕೆಂಡ. ಹೊಗೆಯನ್ನು ಕುಡಿದವರಿಗೆ ಅದರ ಬೆಲೆಯಲ್ಲಿ ಪಾಲಿಲ್ಲ.

ಕೆಂಡ ಆರಿಸಲು ಹೊಯ್ಯುವ ನೀರಿನದು ಇನ್ನೊಂದು ಕಥೆ. ತಮಿಳುನಾಡಿನ ಕಾಂಗೇಯಂ ಸುತ್ತಮುತ್ತ ಇಂಥ ಘಟಕಗಳಿಂದ ಬಾವಿಗಳ ನೀರು ಕೆಟ್ಟಿತೆಂಬ ದೂರು ಹಳೆಯದು. ಕೊಳವೆ ಬಾವಿಯನ್ನೇ ನೆಚ್ಚಿಕೊಂಡಿರುವ ಹೊನ್ನವಳ್ಳಿ ಸೀಮೆಗೆ ಅದು ಎಚ್ಚರಿಕೆಯಾಗಬೇಕಿತ್ತು.

1981ರ ವಾಯು ಕಾಯಿದೆಯಡಿ ಇಂಥ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಆದರೆ ತೋಟದ ಅಂಚಿನಲ್ಲಿ ನಾಲ್ಕು ಡ್ರಮ್ಮು ಇಟ್ಟವನು ರಾತ್ರಿ ಸುಟ್ಟು ಬೆಳಿಗ್ಗೆ ಮುಚ್ಚುತ್ತಾನೆ. ದೂರು ಕೊಟ್ಟವರಿಗೆ ಪಂಚಾಯಿತಿ ಮಂಡಳಿಯನ್ನು ತೋರಿಸಿದರೆ ಮಂಡಳಿ ತಹಸೀಲ್ದಾರರನ್ನು ತೋರಿಸುತ್ತದೆ. ಹಾಗೆಂದು ಘಟಕಗಳನ್ನೇ ಮುಚ್ಚಿಸಬೇಕೆನ್ನುವುದು ಸುಲಭದ ಮಾತಾದೀತು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂ. ಬೆಂಬಲ ಬೆಲೆಯಿತ್ತು, ಚಿಪ್ಪಿಗೆ ಯಾವ ಬೆಂಬಲವೂ ಇಲ್ಲ. ಕೊಬ್ಬರಿ ಬಿದ್ದ ವರ್ಷ ಚಿಪ್ಪಿನ ಕಾಸೇ ಆಳಿನ ಕೂಲಿಗೆ ಆಗುವುದುಂಟು. ಇದ್ದಿಲು ಕೆಲಸದ ಕೂಲಿಯವರಿಗಂತೂ ಬೇರೆ ದಾರಿಯೇ ಇಲ್ಲ.

ಹೊಗೆಯನ್ನು ಹೊರಬಿಡದೆ ಅದೇ ಕುಲುಮೆಯಲ್ಲಿ ಉರಿಸಿಬಿಡುವ ಮುಚ್ಚಿದ ಗೂಡುಗಳು ಹೊಸತೇನಲ್ಲ. ಅದರ ಕಾವನ್ನು ಮಳೆಗಾಲದಲ್ಲಿ ಕಾಯಿ ಒಣಗಿಸಲೂ ಬಳಸಬಹುದು. ಒಬ್ಬ ಸಣ್ಣ ರೈತನಿಗೆ ಅದರ ಖರ್ಚು ಎಟುಕದು. ಹೋಬಳಿಗೊಂದು ಸಹಕಾರಿ ಗೂಡಾದರೆ ಎಟುಕೀತು. ತೆಂಗಿನ ಸಂಸ್ಕರಣೆಗೆ ಸಹಾಯಧನ ಕೊಡುವ ಇಲಾಖೆಗಳು ಆ ಹಣಕ್ಕೆ ಹೊಗೆಯ ಷರತ್ತೊಂದನ್ನು ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.