ಅಟ್ಟ ಖಾಲಿ ಮಾಡುವ ಮುನ್ನ

ಮಲೆನಾಡು, ಕರಾವಳಿಯಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟವರಲ್ಲಿ ಒಂದು ಬೇಡಿಕೆ. ಹೆಂಚು ಇಳಿಸುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ. ಉಪ್ಪಿನ ಮರಿಗೆ, ಸಂಬಾರ ಬಟ್ಟಲು, ಕಡೆಗೋಲು, ಭತ್ತ ಅಳೆಯುವ ಕೊಳಗ ಯಾವುದೋ ಮೂಲೆಯಲ್ಲಿ ಬಲೆ ಕಟ್ಟಿಕೊಂಡು ಕೂತಿರುತ್ತವೆ.

ಹೋದ ಬೇಸಿಗೆ ನಮ್ಮ ನೆಂಟರ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಹಳೇ ಸಾಮಾನಿನ ವ್ಯಾಪಾರಿ ಬಂದ, ಕೆತ್ತನೆ ಇದ್ದವನ್ನು ಆರಿಸಿಕೊಂಡ, ದುಡ್ಡು ಎಣಿಸಿ ಕೊಟ್ಟು ಹೋದ. ಕೆತ್ತನೆಯಿಲ್ಲದ ಮರಿಗೆಗಳು ಬಚ್ಚಲ ಒಲೆ ಸೇರಿದವು. ‘ಹಲಸಿನ ಮರ, ಚೆನ್ನಾಗಿ ಉರಿಯಿತು’ ಎಂದರು ಅತ್ತಿಗೆ. ಉಪ್ಪು ಲೋಹವನ್ನು ತಿನ್ನುತ್ತದೆಂದೇ ಅದಕ್ಕೆ ಮರದ ಪಾತ್ರೆ ಮಾಡಿದ್ದರು ಎಂಬುದು ಅಲ್ಲಿ ಯಾರಿಗೂ ನೆನಪಾಗಲಿಲ್ಲ, ನನಗೂ ಸೇರಿ.

ವ್ಯಾಪಾರಿಯ ಕಣ್ಣಿಗೆ ಕೆತ್ತನೆ ಬರೀ ಚಂದ. ಆದರೆ ಒಂದು ಕಡೆಗೋಲನ್ನು ಕೈಗೆತ್ತಿಕೊಳ್ಳಿ. ಕೆಳಗೆ ತಾವರೆ ಮೊಗ್ಗಿನಂಥ ತಲೆ. ಅದರ ಎಸಳುಗಳೇ ಮೊಸರನ್ನು ಒಡೆಯುವುದು. ಮೇಲೆ ಕೋಲಿನ ಸುತ್ತ ಬಳೆಯಂಥ ಗೀರುಗಳು. ಹಗ್ಗ ಜಾರದಂತೆ ಹಿಡಿಯುವುದು ಅವೇ. ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಮರ ಎಷ್ಟು ಸವೆದಿದೆ ಎಂದು ಬೆರಳಾಡಿಸಿ ನೋಡಿ. ಸಂಬಾರ ಬಟ್ಟಲೂ ಹಾಗೆಯೇ. ಒಂದೇ ಮರದ ತುಂಡಿನಲ್ಲಿ ಕೊರೆದ ನಾಲ್ಕಾರು ಗುಳಿ, ಮೊಳೆಯ ಸುತ್ತ ತಿರುಗುವ ಮುಚ್ಚಳ. ತೆರೆದು ಮೂಸಿ, ಜೀರಿಗೆ ಮೆಂತ್ಯದ ವಾಸನೆ ಇನ್ನೂ ಇದ್ದರೂ ಇರಬಹುದು.

ದಯವಿಟ್ಟು ಅದಕ್ಕೆ ವಾರ್ನಿಷ್ ಬಳಿಯಬೇಡಿ. ಸೋಪಿನ ನೀರಲ್ಲಿ ನೆನೆಸಬೇಡಿ, ಬಿಸಿಲಿಗಿಟ್ಟು ಸೀಳಿಸಬೇಡಿ. ಒಣಬಟ್ಟೆ, ಮೆತ್ತನೆಯ ಬ್ರಷ್ ಸಾಕು. ಕುಟ್ಟೆ ಹಿಡಿದು ಹುಡಿ ಉದುರುತ್ತಿದ್ದರೆ ಉಳಿದವುಗಳಿಂದ ದೂರ ಇಡಿ.

ಇಟ್ಟುಕೊಳ್ಳಲು ಜಾಗವಿಲ್ಲವೇ? ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಿದೆ, ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ತಂದು ನಿಲ್ಲಿಸಿದ ಮಣಿಪಾಲದ ಪರಂಪರೆಯ ಗ್ರಾಮವಿದೆ. ಬೇಕೇ ಎಂದು ಕೇಳಿ ನೋಡಿ. ಅಮೆರಿಕದ ಮಗನ ಷೋಕೇಸಿಗೆ ಕಳಿಸುವ ಯೋಚನೆಯಿದ್ದರೆ ಮಾತ್ರ ಹುಷಾರು. 1972ರ ಕಾಯಿದೆಯ ಪ್ರಕಾರ, 100 ವರ್ಷ ದಾಟಿ ಪುರಾತನ ವಸ್ತು ಎನಿಸಿಕೊಂಡದ್ದನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.

ಮಾರುವುದೇ ಅನಿವಾರ್ಯವಾದರೆ ಮಾರಿ, ನಾನು ಬೇಡವೆನ್ನಲಾರೆ. ಆದರೆ ಅದಕ್ಕೆ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಇದಕ್ಕೆ ಏನನ್ನುತ್ತಿದ್ದರು, ಏನು ಹಾಕಿಡುತ್ತಿದ್ದರು, ಯಾವ ಮರ, ಮಾಡಿಕೊಟ್ಟ ಆಚಾರಿ ಯಾವ ಊರಿನವನು? ನಾಲ್ಕು ಸಾಲು ಬರೆದು ದಾರದಲ್ಲಿ ಕಟ್ಟಿ. ಹೆಸರಿಲ್ಲದೆ ಹೋದ ಮರಿಗೆ ಯಾವುದೋ ರೆಸಾರ್ಟಿನಲ್ಲಿ ಹೂಕುಂಡವಾಗುತ್ತದೆ.

ಹೆಂಚು ಇಳಿಸುವವರು ಬೆಳಿಗ್ಗೆ ಬರುತ್ತಾರೆಂದರೆ, ಹಿಂದಿನ ಸಂಜೆಯೇ ಟಾರ್ಚ್ ಹಿಡಿದು ಅಟ್ಟ ಹತ್ತಿ.