ಎಡಗಾಲಿನ ಪೆಡಲ್

ಹೋದ ತಿಂಗಳು ನಮ್ಮ ಮೊಮ್ಮಗಳು ಇದ್ದಕ್ಕಿದ್ದಂತೆ ಸೈಕಲ್ ಮುಟ್ಟುವುದನ್ನೇ ಬಿಟ್ಟಳು. ಕೇಳಿದರೆ "ಹೋಂವರ್ಕ್ ಇದೆ ತಾತ" ಅನ್ನುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಅಷ್ಟೊಂದು ಹೋಂವರ್ಕ್ ಯಾರು ಕೊಡುತ್ತಾರೆ? ಒಂದು ಸಂಜೆ ಅವಳು ಕಾಲು ತೊಳೆಯುವಾಗ ಮೊಣಕಾಲಿನ ಕೆಳಗೆ ತರಚಿದ ಗಾಯ ನಮ್ಮ ಮನೆಯವಳ ಕಣ್ಣಿಗೆ ಬಿತ್ತು. ಬಲಗಡೆ ಪೆಡಲಿನ ಪ್ಲಾಸ್ಟಿಕ್ ಒಡೆದು ಅರ್ಧ ಉದುರಿತ್ತು. ಕಾಲು ಜಾರಿ, ಪೆಡಲ್ ತಿರುಗಿ ಬಂದು ಬಡಿದಿತ್ತು. ಹೇಳಿದರೆ ಸೈಕಲ್ಲನ್ನೇ ಅಟ್ಟಕ್ಕೆ ಹಾಕುತ್ತಾರೆಂದು ಹೆದರಿ ಮುಚ್ಚಿಟ್ಟಿದ್ದಳು.

"ಇಷ್ಟೇ ತಾನೆ? ನಾಳೆ ನಾನೇ ಹಾಕಿಕೊಡ್ತೀನಿ" ಅಂದೆ. ಮೂವತ್ತೈದು ವರ್ಷ ಲೆಡ್ಜರ್ ಬರೆದವನಿಗೆ ಎರಡು ಪೆಡಲ್ ಯಾವ ಲೆಕ್ಕ!

ಅಂಗಡಿಯಲ್ಲಿ ಬಣ್ಣ ನೋಡಿ ಒಂದು ಜೊತೆ ಕೊಂಡು ತಂದೆ. 15ರ ಸ್ಪ್ಯಾನರ್ ಹಾಕಿದೆ, ಬಲಗಡೆಯದು ಸಲೀಸಾಗಿ ಬಿಚ್ಚಿಕೊಂಡಿತು. ಹೊಸದು ಮಾತ್ರ ತೂತಿಗೆ ಇಳಿಯಲೇ ಇಲ್ಲ. ಮತ್ತೆ ಅಂಗಡಿಗೆ ಹೋದೆ.

"ಹಳೇದನ್ನ ಕೈಲಿ ಹಿಡ್ಕೊಂಡು ಬರ್ಬೇಕಲ್ವಾ ಸಾರ್" ಎಂದು ನಕ್ಕ ಅಂಗಡಿಯವರು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಪೆಡಲ್ ತಿರುಪಿನಲ್ಲಿ ಮುಖ್ಯವಾಗಿ ಎರಡು ಅಳತೆ. ದೊಡ್ಡವರ ಸೈಕಲ್ಲುಗಳಿಗೆ ಸಾಮಾನ್ಯವಾಗಿ 9/16 ಇಂಚು. ಎರಡೂ ಕಡೆಯ ಕ್ರ್ಯಾಂಕನ್ನು ಒಂದೇ ಸರಳು ಬಗ್ಗಿಸಿ ಮಾಡಿರುವ ಮಕ್ಕಳ ಸೈಕಲ್ಲಿಗೆ 1/2 ಇಂಚು, ಅಂದರೆ 8/16. ಒಂದೇ ಒಂದು ಹದಿನಾರನೇ ಒಂದು ಭಾಗದ ವ್ಯತ್ಯಾಸ! ಮಕ್ಕಳೇ, ಭಿನ್ನರಾಶಿ ಯಾತಕ್ಕೆ ಅಂತ ಕೇಳುತ್ತೀರಲ್ಲ, ಅದು ತಿಳಿಯದೆ ನಾನು ಎರಡು ಸಲ ಆಟೋ ಚಾರ್ಜು ಕೊಟ್ಟೆ.

ಈ ಸಲ ಅವಸರ ಮಾಡಲಿಲ್ಲ. ಕಬ್ಬಿಣದ ಹಲ್ಲಿರುವ ಪೆಡಲ್ ನೋಡಲು ಗಟ್ಟಿಮುಟ್ಟು, ಆದರೆ ನಮ್ಮ ಮಕ್ಕಳು ಚಪ್ಪಲಿಯಲ್ಲೋ ಬರಿಗಾಲಿನಲ್ಲೋ ತುಳಿಯುವವರು. ಹಾಗಾಗಿ ಮೊಂಡು ಗುಬುಟುಗಳಿರುವ ಅಗಲ ಪ್ಲಾಸ್ಟಿಕ್ಕಿನದನ್ನು ಆರಿಸಿದೆ. ಬೆರಳಲ್ಲಿ ತಿರುಗಿಸಿದರೆ ಕರಕರ ಅನ್ನಬಾರದು, ಅಲ್ಲಾಡಲೂಬಾರದು. ಮುಂದೆ ಹಿಂದೆ ಹಳದಿ ರಿಫ್ಲೆಕ್ಟರ್ ಇರಬೇಕು. ಒಂದೇ ಒಡೆದಿದ್ದರೂ ಜೊತೆಯಾಗಿಯೇ ಕೊಳ್ಳಿ. ಒಂದು ದಪ್ಪ ಒಂದು ತೆಳು ಆದರೆ ಮಗುವಿನ ಕಾಲಿಗೆ ಗೊತ್ತಾಗುತ್ತದೆ.

ಬಲಗಡೆಯದು ಕೂತಿತು. ಎಡಗಡೆಯ ಹಳೆಯದು ಬಿಚ್ಚಲೊಲ್ಲದು. ನಾನು ತಿರುಗಿಸಿದಷ್ಟೂ ಬಿಗಿಯಾಯಿತು. ಕೊಬ್ಬರಿ ಎಣ್ಣೆ ಬಿಟ್ಟೆ, ಸುತ್ತಿಗೆ ತಂದೆ. ಅಷ್ಟರಲ್ಲಿ ಮೊಮ್ಮಗಳು ಹೊಸ ಪೆಡಲಿನ ತಿರುಪಿನ ತುದಿಯನ್ನು ಕಣ್ಣ ಹತ್ತಿರ ಹಿಡಿದು, "ತಾತ, ಇದರಲ್ಲಿ ಎಲ್ ಅಂತಿದೆ. ಸುತ್ತು ಕೂಡ ಉಲ್ಟಾ ಇದೆ, ನೋಡು" ಅಂದಳು. ನನ್ನ ಕನ್ನಡಕಕ್ಕೆ ಆ ಅಕ್ಷರ ಕಂಡೇ ಇರಲಿಲ್ಲ.

ಹೌದು, ಎಡ ಪೆಡಲಿನ ತಿರುಪು ಉಲ್ಟಾ. ಯಾಕೆ? ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರ ತುದಿಯನ್ನು ಇನ್ನೊಂದು ಕೈಯಿಂದ ದುಂಡಗೆ ಸುತ್ತಿಸಿ. ಮುಷ್ಟಿಯೊಳಗೆ ಪೆನ್ಸಿಲ್ ಮೆಲ್ಲಗೆ ಎದುರು ದಿಕ್ಕಿಗೆ ಹೊರಳುತ್ತದೆ. ತುಳಿಯುವ ಭಾರಕ್ಕೆ ಪೆಡಲಿನ ತಿರುಪೂ ಹಾಗೇ ಹೊರಳಲು ನೋಡುತ್ತದೆ. ಎರಡೂ ಕಡೆ ಒಂದೇ ಬಗೆಯ ಸುತ್ತು ಇದ್ದರೆ ಎಡಗಡೆಯದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿ ಇಟ್ಟವರು, ಅವರ ಸೈಕಲ್ಲುಗಳಲ್ಲೂ ಈ ಉಲ್ಟಾ ತಿರುಪಿತ್ತು.

ಅಜ್ಜಂದಿರು ನೆನಪಿಡಬೇಕಾದದ್ದು ಇಷ್ಟು: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಾಗ ಅದನ್ನು ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲ. ತಿರುಪಿಗೆ ಚೂರು ಗ್ರೀಸ್ ಸವರಿ, ಮೊದಲ ನಾಲ್ಕು ಸುತ್ತು ಬರಿ ಬೆರಳಲ್ಲೇ ಹಾಕಿ. ಓರೆಯಾಗಿ ಬಲವಂತ ಮಾಡಿದರೆ ಕ್ರ್ಯಾಂಕಿನ ಸುತ್ತೇ ಹಾಳು. ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಆ ಸಂಜೆ ಅವಳು ಬೀದಿಯ ಕೊನೆಯವರೆಗೆ ಹೋಗಿ ಬಂದಳು, ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ. ವಾರದ ಮೇಲೆ ಬಿಗಿ ನೋಡಿದವಳೂ ಅವಳೇ. 15ರ ಸ್ಪ್ಯಾನರ್ ಈಗ ನನ್ನ ಕಪಾಟಿನಲ್ಲಿಲ್ಲ, ಅವಳ ಕಂಪಾಸ್ ಬಾಕ್ಸಿನ ಪಕ್ಕದಲ್ಲಿದೆ.