ಸೂಜಿಗೆ ತಕ್ಕ ತೋಳು

ವಿದ್ಯಾರ್ಥಿಯ ಧ್ಯೇಯ, ಮಳಖೇಡದ ಹಿರಿಮೆ, ಶೈಕ್ಷಣಿಕ ಪ್ರವಾಸದ ಅನುಭವ—ಇಂತಹ ವಿಷಯಗಳಿಗೆ ಮೀಸಲಾದ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಗ್ರಾಮಫೋನಿನ ಸೂಜಿಯನ್ನು ಕುರಿತು ಬರೆಯಹೊರಟವನನ್ನು ಕಂಡು ವಾಚಕರು ನಗಬಹುದು. ನಗಲಿ, ಅಡ್ಡಿಯಿಲ್ಲ. ಓದಿದ ಮೇಲೆ ನಗಲಿ ಎಂಬುದಷ್ಟೇ ನನ್ನ ವಿನಂತಿ.

ಹಳೆಯ ರಿಕಾರ್ಡುಗಳ ಮೇಲಿನ ಪ್ರೀತಿ ಈಗ ಮತ್ತೆ ಚಿಗುರಿದೆ. ಅಂಗೈಯೊಳಗಿನ ಫೋನಿನಲ್ಲಿ ಲೋಕದ ಹಾಡೆಲ್ಲ ದೊರೆಯುವ ಈ ಕಾಲದಲ್ಲಿಯೂ ನಮ್ಮ ಗೆಳೆಯರ ಬಳಗದಲ್ಲಿ ಸೇಡಮಿನವನೊಬ್ಬ, ಚಿತ್ತಾಪುರದವರಿಬ್ಬರು ಟರ್ನ್‌ಟೇಬಲ್ ಕೊಂಡಿದ್ದಾರೆ. ಚಿಂಚೋಳಿಯವನೊಬ್ಬ ಕೊಳ್ಳುವ ಹವಣಿಕೆಯಲ್ಲಿದ್ದಾನೆ. ಇವರೆಲ್ಲರ ಬಾಯಲ್ಲಿಯೂ ಒಂದೇ ಮಾತು: ಯಂತ್ರ ಹೇಗಾದರೂ ಇರಲಿ, ಕಾರ್ಟ್ರಿಡ್ಜು ಮಾತ್ರ ಮೂವಿಂಗ್ ಕಾಯಿಲ್ ಆಗಿರಬೇಕು! ಈ ಮಾತು ತಪ್ಪೆಂಬುದು ನನ್ನ ಅಭಿಪ್ರಾಯ. ಬರಿಯ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಮನೆಯಲ್ಲಿರುವ ರಿಕಾರ್ಡುಗಳಿಗೆ ಅದರಿಂದ ಅಪಾಯವುಂಟು. ಅಪಾಯವನ್ನು ನಾನು ಕೈಯಾರೆ ಮಾಡಿ ನೋಡಿದವನು.

ವಿಷಯ ತಿಳಿಯದವರಿಗಾಗಿ ಎರಡು ಮಾತು. ರಿಕಾರ್ಡಿನ ಗೆರೆಯಲ್ಲಿ ವಜ್ರದ ಮೊನೆಯೊಂದು ಹರಿದಾಡುತ್ತದೆ. ಆ ಮೊನೆಯನ್ನು ಹೊತ್ತ ಸಣ್ಣ ಕಡ್ಡಿಯ ಇನ್ನೊಂದು ತುದಿಯಲ್ಲಿ ಅಯಸ್ಕಾಂತವಿದ್ದು, ಸುತ್ತಲಿನ ತಂತಿಯ ಸುರುಳಿಗಳು ನಿಶ್ಚಲವಾಗಿದ್ದರೆ ಅದು ಮೂವಿಂಗ್ ಮ್ಯಾಗ್ನೆಟ್. ಅಯಸ್ಕಾಂತ ನಿಶ್ಚಲವಾಗಿದ್ದು ಸುರುಳಿಯೇ ಕಡ್ಡಿಯೊಡನೆ ಅಲುಗಾಡಿದರೆ ಮೂವಿಂಗ್ ಕಾಯಿಲ್. ಅಲುಗುವ ಸುರುಳಿ ಹಗುರವಾಗಿರಬೇಕಾದುದರಿಂದ ಅದಕ್ಕೆ ತಂತಿಯ ಸುತ್ತುಗಳು ಕಡಿಮೆ. ಸುತ್ತು ಕಡಿಮೆಯಾದುದರಿಂದ ಹುಟ್ಟುವ ವಿದ್ಯುತ್ತೂ ಕಡಿಮೆ. ಮೊದಲನೆಯ ಜಾತಿಯದು ೪-೫ ಮಿಲಿವೋಲ್ಟು ಕೊಟ್ಟರೆ ಎರಡನೆಯದು ಹಲವು ವೇಳೆ ೦.೩ ಮಿಲಿವೋಲ್ಟು ಮಾತ್ರ ಕೊಡುತ್ತದೆ. ಅದನ್ನು ಎತ್ತಿಹಿಡಿಯಲು ಬೇರೆಯೇ ಒಂದು ಟ್ರಾನ್ಸ್‌ಫಾರ್ಮರೋ ಆಂಪ್ಲಿಫೈಯರೋ ಬೇಕು. ನಾದದ ಸೂಕ್ಷ್ಮತೆಯಲ್ಲಿ ಮೂವಿಂಗ್ ಕಾಯಿಲ್ ಶ್ರೇಷ್ಠವೆಂದು ಬಲ್ಲವರು ಹೇಳುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ಆ ಶ್ರೇಷ್ಠತೆ ಯಾರ ಹೆಗಲ ಮೇಲೆ ಕುಳಿತು ಬರುತ್ತದೆ ಎಂಬುದೇ ನನ್ನ ಪ್ರಶ್ನೆ.

ನನ್ನ ಮುತ್ಯಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ ಮಾಡಿದವರು. ಅವರ ಆಸ್ತಿಯೆಂದರೆ ಒಂದು ತಗಡಿನ ಪೆಟ್ಟಿಗೆ ತುಂಬ ರಿಕಾರ್ಡು ಮತ್ತು ಒಂದು ಎಚ್.ಎಂ.ವಿ. ಫಿಯೆಸ್ಟಾ. ಪೆಟ್ಟಿಗೆಯಲ್ಲಿ ೭೮ರ ಅರಗಿನ ಪ್ಲೇಟುಗಳೂ ಇವೆ, ಆಮೇಲಿನ ಎಲ್.ಪಿ.ಗಳೂ ಇವೆ. ಎಲ್.ಪಿ.ಗಳ ಪೈಕಿ ಮಲ್ಲಿಕಾರ್ಜುನ ಮನ್ಸೂರರದೊಂದು ಅವರಿಗೆ ಪಂಚಪ್ರಾಣ. ನಾನು ಶಿಷ್ಯವೇತನದ ಹಣವನ್ನು ಕೂಡಿಟ್ಟು ಅಗ್ಗದ ಟರ್ನ್‌ಟೇಬಲ್ಲೊಂದನ್ನು ತಂದೆ. ಸೋದರಮಾವ ಪುಣೆಯಿಂದ ಡೆನಾನ್ ಡಿ.ಎಲ್.-೧೦೩ ಎಂಬ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜನ್ನು ಉಡುಗೊರೆಯಾಗಿ ಕಳಿಸಿದರು. ಇದು ಜಪಾನಿನ ಎನ್.ಎಚ್.ಕೆ. ಪ್ರಸಾರ ಸಂಸ್ಥೆಯ ಉಪಯೋಗಕ್ಕೆಂದು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ರೂಪುಗೊಂಡದ್ದು. ಮೂವಿಂಗ್ ಕಾಯಿಲ್‌ಗಳ ಪೈಕಿ ಬಡವರ ಬಾದಾಮಿ ಎನ್ನಬಹುದು. ಟರ್ನ್‌ಟೇಬಲ್ ಮಾರಿದ ಅಂಗಡಿಯಾತ ‘ಯಾವ ಕಾರ್ಟ್ರಿಡ್ಜಾದರೂ ನಡೀತದ್ರಿ’ ಎಂದು ಆಣೆಯಿಟ್ಟು ಹೇಳಿದ್ದ. ನಡೆಯಿತು, ಕುಂಟುತ್ತ ನಡೆಯಿತು.

ಡಬ್ಬಿಯೊಳಗಿನ ಚೀಟಿಯಲ್ಲಿ ಸೂಜಿಯ ಮೇಲೆ ೨.೫ ಗ್ರಾಂ ಭಾರ ಇರತಕ್ಕದ್ದೆಂದು ಬರೆದಿತ್ತು. ಮುತ್ಯಾನ ರಿಕಾರ್ಡು ಸವೆದೀತೆಂಬ ಅತಿಭಕ್ತಿಯಿಂದ ನಾನು ಒಂದೂವರೆ ಗ್ರಾಂ ಇಟ್ಟೆ. ಮನ್ಸೂರರು ತಾರಷಡ್ಜಕ್ಕೆ ಏರುತ್ತಲೇ ದನಿ ಒಡೆಯತೊಡಗಿತು. ಮುತ್ಯಾ ಕಣ್ಣು ಮುಚ್ಚಿ ಕುಳಿತಿದ್ದವರು ಕಣ್ಣು ತೆರೆದು, ‘ತಮ್ಮಾ, ಇಷ್ಟು ರೊಕ್ಕದ ಸಾಮಾನು, ಹಾಡು ಯಾಕ ಹಿಂಗ ನಡಗಲಕತ್ತದ?’ ಎಂದರು. ‘ಪ್ಲೇಟು ಹಳೇದು ಮುತ್ಯಾ’ ಎಂದೆ. ಅದು ಸುಳ್ಳಾಗಿತ್ತು. ಅದೇ ಪ್ಲೇಟನ್ನು ನಾಲ್ಕೈದು ಸಲ ಹಾಕಿ ಸೂಜಿಯನ್ನು ಪರೀಕ್ಷಿಸಿದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಆ ಬದಿಯ ಏರುಸ್ವರಗಳಲ್ಲೆಲ್ಲ ಒಂದು ಕರಕರ ಶಬ್ದ ನೆಲೆ ನಿಂತಿತು. ಈಗ ಯಾವ ಸೂಜಿ ಹಾಕಿದರೂ ಅದು ಹೋಗುವುದಿಲ್ಲ.

ಭಾರ ಕಡಿಮೆಯಾದರೆ ರಿಕಾರ್ಡಿಗೆ ಹಿತವೆಂಬುದು ಶುದ್ಧ ಭ್ರಮೆ. ಭಾರ ಸಾಲದಿದ್ದರೆ ವಜ್ರದ ಮೊನೆ ಗೆರೆಯ ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಬಂದು ಬಡಿಯುತ್ತದೆ. ಪ್ರತಿ ಬಡಿತಕ್ಕೂ ಗೋಡೆಯಲ್ಲಿ ಒಂದು ಗುಳಿ. ಹೇಳಿದಷ್ಟು ಭಾರವಿಟ್ಟರೆ ಆಗುವ ಸವೆತಕ್ಕಿಂತ ಇದು ಹೆಚ್ಚಿನ ಕೇಡು. ಈ ತಪ್ಪು ಸಂಪೂರ್ಣವಾಗಿ ನನ್ನದೇ. ಆದರೆ ಭಾರವನ್ನು ಸರಿಮಾಡಿದ ಮೇಲೂ ನಡುಕ ಪೂರ್ಣವಾಗಿ ಹೋಗಲಿಲ್ಲ. ಆಗ ನಮ್ಮ ಭೌತಶಾಸ್ತ್ರದ ಗುರುಗಳಲ್ಲಿ ಹೋದೆ. ಅವರು ಒಂದು ಹಾಳೆಯ ಮೇಲೆ ತೋರಿಸಿದ ಲೆಕ್ಕವೇ ಈ ಲೇಖನದ ಬೆನ್ನೆಲುಬು.

ಕಾರ್ಟ್ರಿಡ್ಜಿನ ಕಡ್ಡಿ ಒಂದು ಸ್ಪ್ರಿಂಗ್ ಇದ್ದಂತೆ. ಅದರ ಮೇಲೆ ನೇತುಬಿದ್ದ ತೋಳು ಒಂದು ಗುಂಡಿನಂತೆ. ಸ್ಪ್ರಿಂಗಿಗೆ ಗುಂಡು ಕಟ್ಟಿದರೆ ಅದಕ್ಕೆ ತನ್ನದೇ ಒಂದು ತೂಗಾಟವುಂಟು. ತೋಳಿನ ಪರಿಣಾಮಕಾರಿ ತೂಕ, ಕಾರ್ಟ್ರಿಡ್ಜಿನ ತೂಕ, ತಿರುಪುಗಳ ತೂಕ ಇವನ್ನು ಗ್ರಾಮಿನಲ್ಲಿ ಕೂಡಿಸಿ, ಕಡ್ಡಿಯ ಬಾಗುವಿಕೆಯ ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, ೧೫೯ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ತೂಗಾಟವೆಂಬುದು ಬರುತ್ತದೆ. ಡೊಂಕಾದ ರಿಕಾರ್ಡಿನ ಏರಿಳಿತಗಳು ಬಹುಮಟ್ಟಿಗೆ ಸೆಕೆಂಡಿಗೆ ಐದಾರರ ಕೆಳಗೆ. ಸಂಗೀತ ಆರಂಭವಾಗುವುದು ಇಪ್ಪತ್ತರ ಮೇಲೆ. ಎರಡಕ್ಕೂ ತಗುಲದಂತೆ ೮ರಿಂದ ೧೨ರ ನಡುವೆ ನಿಂತರೆ ಕ್ಷೇಮ.

ಡಿ.ಎಲ್.-೧೦೩ರ ತೂಕ ೮.೫ ಗ್ರಾಂ. ಕಡ್ಡಿ ಬಲು ಬಿಗಿ. ಬಾಗುವಿಕೆ ಈ ಲೆಕ್ಕಕ್ಕೆ ಸುಮಾರು ೧೦ ಎಂದು ಹಿಡಿಯಬಹುದು. ನನ್ನ ತೋಳು ೬ ಗ್ರಾಮಿನದು. ತಿರುಪು ಸೇರಿ ೧೫. ಉತ್ತರ ೧೩. ತೋಳು ೧೪ ಗ್ರಾಮಿನದಾಗಿದ್ದರೆ ಉತ್ತರ ಹತ್ತೂವರೆ. ಅದೇ ನನ್ನ ಹಗುರ ತೋಳಿಗೆ ೨೫ರಷ್ಟು ಬಾಗುವ, ೬ ಗ್ರಾಂ ತೂಕದ, ಅಗ್ಗದ ಮೂವಿಂಗ್ ಮ್ಯಾಗ್ನೆಟ್ಟನ್ನು ಕಟ್ಟಿದರೆ ಉತ್ತರ ೯! ಹಾಗೆಂದು ಆ ಮೆತ್ತನೆಯ ಮ್ಯಾಗ್ನೆಟ್ಟನ್ನು ೨೦ ಗ್ರಾಮಿನ ಭಾರದ ತೋಳಿಗೆ ಕಟ್ಟಿದರೆ ಆರಕ್ಕಿಳಿದು, ಡೊಂಕು ಪ್ಲೇಟಿನ ಮೇಲೆ ದೋಣಿಯಂತೆ ತೇಲಾಡುತ್ತದೆ. ಇಲ್ಲಿ ಮೇಲು ಯಾವುದು, ಕೀಳು ಯಾವುದು?

ಗಣಿತವನ್ನಷ್ಟೇ ನೋಡಿದರೆ ೧೩ ಅಂತಹ ಘೋರಾಪರಾಧವೇನೂ ಅಲ್ಲ ಎಂದು ಗುರುಗಳೇ ಒಪ್ಪಿದರು. ಆದರೆ ಬಿಗಿಯಾದ ಕಡ್ಡಿ ತಾನು ಬಾಗಲಾರದ್ದನ್ನು ತೋಳಿಗೆ ದಾಟಿಸುತ್ತದೆ. ತೋಳಿನ ನಳಿಕೆ ತೆಳ್ಳಗಿದ್ದು ಕೀಲು ಸಡಿಲವಾಗಿದ್ದರೆ ಆ ಅಲುಗಾಟವೆಲ್ಲ ತಿರುಗಿ ಸೂಜಿಗೇ ಬರುತ್ತದೆ. ಸೇಡಮಿನ ಕಡೆಯ ಯಾವ ರೈತನೂ ಎಳೆಗರುವಿನ ಪಕ್ಕದಲ್ಲಿ ಬಲಿತ ಎತ್ತನ್ನು ಹೂಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಕತೆ ಅವನಿಗೆ ಗೊತ್ತು. ಕಾಲೇಜು ಓದಿದ ನಮಗೆ ಮಾತ್ರ ಎತ್ತಿನ ಬೆಲೆಪಟ್ಟಿಯೇ ಕಾಣುತ್ತದೆ, ನೊಗ ಕಾಣುವುದಿಲ್ಲ.

ಫಿಯೆಸ್ಟಾ ಇದ್ದವರು ಇನ್ನೂ ಒಂದು ದುಸ್ಸಾಹಸಕ್ಕೆ ಹೊರಡುವುದುಂಟು: ಹಳೆಯ ಪೆಟ್ಟಿಗೆಗೇ ಮೂವಿಂಗ್ ಕಾಯಿಲ್ ಕೂರಿಸುವುದು. ದಯವಿಟ್ಟು ಬೇಡ. ಅದರ ಸಿರಾಮಿಕ್ ಕಾರ್ಟ್ರಿಡ್ಜು ಕೊಡುವುದು ನೂರಾರು ಮಿಲಿವೋಲ್ಟು. ಅದರ ಆಂಪ್ಲಿಫೈಯರು ಅಷ್ಟಕ್ಕೇ ಹೊಂದಿಸಿದ್ದು. ಪಿಸುಮಾತಿನ ೦.೩ ಅದರ ಕಿವಿಗೆ ಬೀಳುವುದೇ ಇಲ್ಲ. ಇನ್ನು ೭೮ರ ಪ್ಲೇಟುಗಳ ವಿಷಯದಲ್ಲಿ ಎಲ್.ಪಿ.ಯ ಸೂಜಿಯನ್ನು ಹತ್ತಿರವೂ ತರಬಾರದು. ಅವುಗಳ ಗೆರೆ ಅಗಲ. ಅದಕ್ಕೆ ಬೇಕಾದ ಮೊನೆ ಎಲ್.ಪಿ.ಯ ಮೊನೆಗಿಂತ ನಾಲ್ಕು ಪಟ್ಟು ದಪ್ಪ. ಸಣ್ಣ ಮೊನೆ ಗೆರೆಯ ತಳದಲ್ಲಿ ಧೂಳನ್ನು ಉಳುತ್ತ ಹೋಗುತ್ತದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ರಿಕಾರ್ಡಿಗೆ ಹಾಡಿದ ಗೌಹರ್ ಜಾನ್ ೧೯೩೦ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅಂತಹವರ ದನಿ ಇಂದು ಉಳಿದಿರುವುದು ಈ ಅರಗಿನ ಗೆರೆಗಳಲ್ಲಿಯೇ. ಗೆರೆ ಹೋದರೆ ಅದನ್ನು ಮತ್ತೆ ಹಾಡುವವರಿಲ್ಲ.

ನಮ್ಮ ಸೀಮೆಯ ಕೆಲವು ಸಂಗತಿಗಳನ್ನೂ ಹೇಳಬೇಕು. ಯಾವ ಕಂಪನಿಯ ಚೀಟಿಯೂ ಇವನ್ನು ಹೇಳುವುದಿಲ್ಲ. ವಾಡಿ ಎಂದರೆ ರೈಲು. ಇಲ್ಲಿಂದ ಸಿಕಂದರಾಬಾದಿಗೆ ೧೮೭೪ರಲ್ಲಿಯೇ ಗಾಡಿ ಓಡಿತು. ಅದೇ ದಾರಿ ಚಿತ್ತಾಪುರ, ಸೇಡಮುಗಳನ್ನು ಹಾಯ್ದು ಹೋಗುತ್ತದೆ. ಸಿಮೆಂಟಿನ ಗೂಡ್ಸ್ ಗಾಡಿ ಬಂದಾಗ ನಮ್ಮ ಮನೆಯ ತಾಟು ತಂಬಿಗೆ ಮಾತಾಡುತ್ತವೆ. ನೆಲ ಕೂಗುವುದನ್ನು ಸೂಕ್ಷ್ಮವಾದ ಸೂಜಿ ಮೊದಲು ಕೇಳುತ್ತದೆ. ಚಿಂಚೋಳಿಗೆ ರೈಲಿಲ್ಲವೆಂದು ಸದಾ ದೂರುವ ನನ್ನ ಮಿತ್ರ ಈ ಒಂದು ವಿಷಯಕ್ಕಾದರೂ ಸಂತೋಷಪಡಲಿ. ಇದಕ್ಕೆ ಪರಿಹಾರವೂ ನಮ್ಮಲ್ಲಿಯೇ ಇದೆ. ಶಹಾಬಾದಿನ ಪರಸಿ ಕಲ್ಲಿಗೆ ನಾವು ಬೆಲೆಯನ್ನೇ ಕೊಡುವುದಿಲ್ಲ. ಪೇಟೆಯವರು ಟರ್ನ್‌ಟೇಬಲ್ಲಿನ ಕೆಳಗಿಡಲು ಕಲ್ಲಿನ ಹಲಗೆಗಳನ್ನು ಹಣ ಕೊಟ್ಟು ತರಿಸುತ್ತಾರೆ. ೪೫ ಸೆಂಟಿಮೀಟರು ಉದ್ದ, ೩೫ ಅಗಲ, ೪ ದಪ್ಪದ ಒಂದು ಪರಸಿ ಹದಿನಾರು ಹದಿನೇಳು ಕಿಲೋ ತೂಗುತ್ತದೆ. ಅದನ್ನು ನೇರವಾಗಿ ನೆಲದ ಮೇಲಿಟ್ಟರೆ ಕಲ್ಲಿನಿಂದ ಕಲ್ಲಿಗೆ ನಡುಕ ದಾಟುವುದು ತಪ್ಪದು. ನಾಲ್ಕು ಮೂಲೆಗೆ ಮೆತ್ತನೆಯ ರಬ್ಬರು ಕೊಟ್ಟು ಅದರ ಮೇಲಿಡಬೇಕು. ನಾನು ಹಳೆಯ ಸೈಕಲ್ ಟ್ಯೂಬನ್ನು ಮಡಿಚಿ ಇಟ್ಟಿದ್ದೇನೆ. ಗೂಡ್ಸ್ ಗಾಡಿ ಈಗಲೂ ಕೇಳಿಸುತ್ತದೆ, ಕಿಟಕಿಯಿಂದ, ಸ್ಪೀಕರಿನಿಂದಲ್ಲ.

ಧೂಳಿನ ವಿಷಯ ವಿವರಿಸಬೇಕಾದುದಿಲ್ಲ, ನಾವು ಸಿಮೆಂಟಿನ ಮಕ್ಕಳು. ನೀರಿನ ವಿಷಯ ಹೇಳಬೇಕು: ನಮ್ಮ ಬೋರಿನ ನೀರಿನಿಂದ ರಿಕಾರ್ಡು ತೊಳೆಯಬಾರದು. ಕೊಡದ ತಳದಲ್ಲಿ ಕೂಡುವ ಸುಣ್ಣವೇ ಗೆರೆಯಲ್ಲಿಯೂ ಕೂಡುತ್ತದೆ. ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಬೇಕು. ವೈಶಾಖದ ಬಿಸಿಲಿಗೆ ರಿಕಾರ್ಡು ಡೊಂಕಾಗುತ್ತದೆ. ಕಡ್ಡಿಯನ್ನು ಹಿಡಿದ ರಬ್ಬರೂ ಮೆತ್ತಗಾಗುತ್ತದೆ. ಆದುದರಿಂದ ಚಳಿಗಾಲದಲ್ಲಿ ಮಾಡಿದ ಲೆಕ್ಕವನ್ನು ಮೇ ತಿಂಗಳಲ್ಲಿ ಪೂರ್ತಿ ನಂಬಬಾರದು.

ಸೇಡಮಿನ ಗೆಳೆಯ ನನ್ನೊಡನೆ ಜಗಳವಾಡುತ್ತಾನೆ. ಕಾರ್ಟ್ರಿಡ್ಜು ಒಳ್ಳೆಯದಿದ್ದರೆ ತೋಳನ್ನು ನಾಳೆ ಕೊಂಡರಾಯಿತು ಎಂಬುದು ಅವನ ವಾದ. ಅಲ್ಲಿಯವರೆಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕಾರ್ಟ್ರಿಡ್ಜಿನ ಮೇಲೆ ಸೇರಿಸಿ ತೋಳನ್ನು ಭಾರಮಾಡಬಹುದೆಂದೂ ಹೇಳುತ್ತಾನೆ. ಲೆಕ್ಕದ ಪ್ರಕಾರ ಅದು ನಿಜವೇ. ನನ್ನ ತೋಳಿಗೆ ೮ ಗ್ರಾಂ ಸೇರಿಸಿದರೆ ಹತ್ತೂವರೆಗೆ ಬರುತ್ತದೆ. ಆದರೆ ಹಿಂದಿನ ಸಮತೋಲದ ಗುಂಡು ಅಷ್ಟನ್ನು ಎತ್ತಬೇಕಲ್ಲ! ನನ್ನದು ಎತ್ತಲಿಲ್ಲ. ಎತ್ತಿದರೂ ಸಡಿಲವಾದ ಕೀಲನ್ನು ಯಾವ ಬಿಲ್ಲೆಯೂ ಬಿಗಿಮಾಡದು. ಇನ್ನೊಂದು ಮಾತನ್ನು ಅವನು ಮರೆಯುತ್ತಾನೆ. ಮೂವಿಂಗ್ ಮ್ಯಾಗ್ನೆಟ್ಟಿನ ಸೂಜಿ ಮುರಿದರೆ ಸಾಮಾನ್ಯವಾಗಿ ಸೂಜಿಯೊಂದನ್ನೇ ಎಳೆದು ಬೇರೆ ಹಾಕಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಹಾಗಲ್ಲ, ಸಾಮಾನ್ಯವಾಗಿ ಇಡಿಯ ಕಾರ್ಟ್ರಿಡ್ಜೇ ಹೋದಂತೆ. ತಂಗಿ ತಮ್ಮಂದಿರು ಓಡಾಡುವ, ಕಸಬರಿಗೆ ಆಡುವ ಮನೆಗಳು ನಮ್ಮವು.

ನನ್ನ ಕೈಯಲ್ಲಿ ಹಣವಿದ್ದರೆ ಅದನ್ನು ಹೀಗೆ ಹಂಚುತ್ತೇನೆ: ದೊಡ್ಡ ಪಾಲು ಕೀಲು ಗಟ್ಟಿಯಾದ, ಕಾರ್ಟ್ರಿಡ್ಜು ಬದಲಿಸಲು ಬರುವ ತೋಳಿರುವ ಯಂತ್ರಕ್ಕೆ. ಸ್ವಲ್ಪ ಭಾಗ ಗ್ರಾಮಿನ ನೂರನೆಯ ಭಾಗ ತೋರಿಸುವ ಸಣ್ಣ ತಕ್ಕಡಿಗೆ ಮತ್ತು ಒಂದು ಕುಂಚಕ್ಕೆ. ಉಳಿದುದರಲ್ಲಿ ಸಾಧಾರಣವಾದ ಮೂವಿಂಗ್ ಮ್ಯಾಗ್ನೆಟ್. ಮೂವಿಂಗ್ ಕಾಯಿಲ್‌ನ ಆಸೆಯನ್ನು ನೌಕರಿ ಸಿಕ್ಕ ಮೇಲಿನ ಮೊದಲ ದೀಪಾವಳಿಗೆ ಇಟ್ಟುಕೊಳ್ಳುತ್ತೇನೆ.

ಮಾವ ಕಳಿಸಿದ ಡಿ.ಎಲ್.-೧೦೩ ಈಗ ತನ್ನ ಡಬ್ಬಿಯಲ್ಲಿ, ಕಪಾಟಿನ ಮೇಲಿನ ಅರೆಯಲ್ಲಿದೆ. ಟರ್ನ್‌ಟೇಬಲ್ಲಿಗೆ ಅದರ ಜೊತೆಗೇ ಬಂದಿದ್ದ ಸಾಧಾರಣ ಕಾರ್ಟ್ರಿಡ್ಜನ್ನೇ ತಿರುಗಿ ಹಾಕಿದ್ದೇನೆ. ಮುತ್ಯಾ ದಿನಾಲು ಸಂಜೆ ಮನ್ಸೂರರ ಪ್ಲೇಟನ್ನು ಕೇಳುತ್ತಾರೆ, ಎರಡನೆಯ ಬದಿಯನ್ನು ಮಾತ್ರ. ಮೊದಲನೆಯ ಬದಿಯನ್ನು ಹಾಕು ಎಂದು ಅವರು ಹೇಳುವುದಿಲ್ಲ; ಯಾಕೆಂದು ನಾನೂ ಕೇಳಿಲ್ಲ.